ನಾಮಕರಣದ ರಾಜಕಾರಣ: ತೀರ್ಪು ಕೊಡುವವರು ಯಾರು?

1

ಅಮೆರಿಕದ ಆಸ್ಕರ್ ಪ್ರಶಸ್ತಿಯ ಪಟ್ಟಿಯಲ್ಲಿ ಯಾರ ಹೆಸರು ಬಂತು, ಯಾರ ಹೆಸರು ಬಿಟ್ಟುಹೋಯಿತು ಎಂಬ ಜಗಳವನ್ನು ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಯಾಕೆ ಎತ್ತಬೇಕು ಎಂದು ಕೆಲವು ಗೆಳೆಯರು ಕೇಳಬಹುದು. ಕೇರಿಗೆ ನೀರಿಲ್ಲ, ಹಾಸ್ಟೆಲ್ಲಿನ ಹುಡುಗರಿಗೆ ಹಾಸಿಗೆಯಿಲ್ಲ, ಹೆಣ ಹೂಳುವುದಕ್ಕೆ ಜಾಗವಿಲ್ಲ. ಇಂಥದ್ದರಲ್ಲಿ ಹಾಲಿವುಡ್ಡಿನ ಶ್ರೀಮಂತರು ಬಂಗಾರದ ಬೊಂಬೆ ಹಂಚಿಕೊಳ್ಳುವ ಸಂಗತಿ ನಮಗೆ ಯಾವ ಲೆಕ್ಕ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಜಗಳವನ್ನು ಹತ್ತಿರದಿಂದ ನೋಡಿದರೆ ಬೊಂಬೆ ಬರೀ ನೆಪ ಅನ್ನೋದು ಗೊತ್ತಾಗುತ್ತದೆ. ಯಾವುದು ಶ್ರೇಷ್ಠ, ಯಾವುದು ಸಾಧಾರಣ, ಯಾವುದು ಲೆಕ್ಕಕ್ಕೇ ಬಾರದ್ದು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಅಲ್ಲಿಯ ಜಗಳ. ದಲಿತ ವಿಮರ್ಶೆ ಹುಟ್ಟಿದ್ದು ಇದೇ ಜಗಳದಿಂದ.

ಕಪ್ಪು ಜನರ ಹೋರಾಟದ ಜೊತೆ ನಮ್ಮ ನಂಟು ಇಂದು ನಿನ್ನೆಯದಲ್ಲ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ಅಲ್ಲಿಯ ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡಾಗ ಅವರ ಕಣ್ಣ ಮುಂದೆ ಇದ್ದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್. ಆದ್ದರಿಂದ ಅಲ್ಲಿಯ ಪಟ್ಟಿಯನ್ನು ಇಲ್ಲಿಂದ ಓದುವುದರಲ್ಲಿ ಹೊಸದೇನೂ ಇಲ್ಲ.

ಕನ್ನಡದಲ್ಲಿ ನಾಮಿನೇಷನ್‌ಗೆ ನಾಮನಿರ್ದೇಶನ, ನಾಮಕರಣ ಎಂಬ ಎರಡು ಮಾತೂ ಬಳಕೆಯಲ್ಲಿವೆ. ಪುರಸಭೆಯ ನಾಮಕರಣ ಸದಸ್ಯರನ್ನು ನಾವೆಲ್ಲ ನೋಡಿದ್ದೇವೆ. ನಾನು ಈ ಎರಡನೆಯ ಮಾತನ್ನೇ ಬಳಸುತ್ತೇನೆ, ಅದಕ್ಕೆ ಕಾರಣವಿದೆ. ತೊಟ್ಟಿಲಲ್ಲಿರುವ ಕೂಸಿಗೆ ಹೆಸರಿಡುವುದೂ ನಾಮಕರಣವೇ. ಕೂಸನ್ನು ಕೇಳಿ ಯಾರೂ ಹೆಸರಿಡುವುದಿಲ್ಲ. ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಬೇಕು ಎಂದು ಮನುಸ್ಮೃತಿ ವಿಧಿಸುತ್ತದೆ. ಕರಿಯ, ಕುಳ್ಳ, ಹುಚ್ಚ ಎಂಬಂಥ ನಮ್ಮ ಅಜ್ಜಂದಿರ ಹೆಸರುಗಳ ಹಿಂದೆ ಈ ವಿಧಿಯ ನೆರಳಿದೆ. ಮುಂದೆ ಗಾಂಧೀಜಿ 'ಹರಿಜನ' ಎಂದು ಕರೆದರು. ಪ್ರೀತಿಯಿಂದಲೇ ಕರೆದಿರಬಹುದು, ಆದರೆ ಅದೂ ಇನ್ನೊಬ್ಬರು ಇಟ್ಟ ಹೆಸರು. ಅದು ಬೇಡವೆಂದು 'ದಲಿತ' ಎಂದುಕೊಂಡೆವಲ್ಲ, ಅಲ್ಲಿ ಹೆಸರಿಗಿಂತ ಮುಖ್ಯವಾಗಿ ಹೆಸರಿಡುವ ಕೈ ಬದಲಾಯಿತು. ಪ್ರಶಸ್ತಿಗಳ ನಾಮಕರಣವನ್ನು ನಾನು ಈ ನೆಲೆಯಿಂದ ನೋಡುತ್ತೇನೆ.

2

ಮೊದಲು ಸಂಗತಿಗಳನ್ನು ನೋಡೋಣ. 2015ರ ಜನವರಿಯಲ್ಲಿ ಆಸ್ಕರ್ ನಾಮಕರಣದ ಪಟ್ಟಿ ಬಂತು. ನಟನೆಗೆ ನಾಲ್ಕು ವಿಭಾಗ, ಒಂದೊಂದಕ್ಕೆ ಐದು ಹೆಸರು, ಒಟ್ಟು 20. ಇಪ್ಪತ್ತೂ ಬಿಳಿಯರು. ಏಪ್ರಿಲ್ ರೇನ್ ಎಂಬ ಕಪ್ಪು ಮಹಿಳೆ ಟ್ವಿಟರಿನಲ್ಲಿ 'ಆಸ್ಕರ್ಸ್ ಸೋ ವೈಟ್' ಎಂಬ ಮೂರು ಪದ ಬರೆದರು. ಅದು ಘೋಷಣೆಯಾಗಿ ಹಬ್ಬಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಚಳವಳಿಯನ್ನು ಕುರಿತ 'ಸೆಲ್ಮಾ' ಆ ವರ್ಷದ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿತ್ತು. ಅದನ್ನು ನಿರ್ದೇಶಿಸಿದ ಏವಾ ಡುವರ್ನೇ ನಿರ್ದೇಶಕರ ಪಟ್ಟಿಯಲ್ಲಿರಲಿಲ್ಲ, ಕಿಂಗ್ ಆಗಿ ನಟಿಸಿದ ಡೇವಿಡ್ ಒಯೆಲೊವೊ ನಟರ ಪಟ್ಟಿಯಲ್ಲಿರಲಿಲ್ಲ. ಚಿತ್ರ ಒಳ್ಳೆಯದು, ಮಾಡಿದವರು ಮಾತ್ರ ಲೆಕ್ಕಕ್ಕಿಲ್ಲ ಎಂದಂತಾಯಿತು.

2016ರ ಜನವರಿಯಲ್ಲಿ ಮತ್ತೆ ಇಪ್ಪತ್ತೂ ಬಿಳಿಯರೇ. ಈ ಸಲದ ಎರಡು ಉದಾಹರಣೆಗಳನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇನೆ. 'ಕ್ರೀಡ್' ಎಂಬ ಚಿತ್ರದ ನಿರ್ದೇಶಕ ರಯಾನ್ ಕೂಗ್ಲರ್ ಕಪ್ಪು ಮನುಷ್ಯ, ನಾಯಕ ನಟ ಮೈಕೆಲ್ ಬಿ. ಜೋರ್ಡನ್ ಕಪ್ಪು ಮನುಷ್ಯ. ಆ ಚಿತ್ರದಿಂದ ನಾಮಕರಣಗೊಂಡವರು ಪೋಷಕ ಪಾತ್ರದ ಸಿಲ್ವೆಸ್ಟರ್ ಸ್ಟಲೋನ್. 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಕಪ್ಪು ಹುಡುಗರ ಹಾಡುಗಾರರ ತಂಡವೊಂದರ ಕತೆ, ಅದರ ನಿರ್ದೇಶಕರೂ ಕಪ್ಪು ಮನುಷ್ಯ. ಅದಕ್ಕೆ ಸಿಕ್ಕಿದ್ದು ಚಿತ್ರಕತೆಯ ಒಂದೇ ಒಂದು ನಾಮಕರಣ, ಅದನ್ನು ಪಡೆದ ಬರಹಗಾರರೆಲ್ಲ ಬಿಳಿಯರು. ಇದನ್ನು ಕೇಳಿ ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ: "ಇದು ನಮ್ಮೂರ್ ಹಬ್ಬದಂಗೇ ಅದೆ ಸಾ. ತಮಟೆ ನಮ್ದು, ಮೆರವಣಿಗೆ ಅವ್ರ್ದು." ಇದಕ್ಕಿಂತ ಚೆನ್ನಾಗಿ ಇದನ್ನು ವಿವರಿಸಲು ನನಗೆ ಆಗಿಲ್ಲ.

ಹಾಗಾದರೆ ಪಟ್ಟಿ ಬರೆಯುವವರು ಯಾರು? ನಟರ ಹೆಸರನ್ನು ಅಕಾಡೆಮಿಯ ನಟ ಸದಸ್ಯರು ಸೂಚಿಸುತ್ತಾರೆ, ನಿರ್ದೇಶಕರ ಹೆಸರನ್ನು ನಿರ್ದೇಶಕ ಸದಸ್ಯರು. ಸದಸ್ಯರ ಪಟ್ಟಿ ಬಹಳ ಕಾಲ ಗುಟ್ಟಾಗಿತ್ತು. 2012ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಹೆಸರುಗಳನ್ನು ಒಂದೊಂದಾಗಿ ಪತ್ತೆಮಾಡಿ ಲೆಕ್ಕ ಹಾಕಿತು. ಮತ ಹಾಕುವ 5,700ಕ್ಕೂ ಹೆಚ್ಚು ಜನರಲ್ಲಿ ಶೇಕಡಾ 94ರ ಹತ್ತಿರ ಬಿಳಿಯರು, ಶೇಕಡಾ 77 ಗಂಡಸರು, ಕಪ್ಪು ಜನ ಶೇಕಡಾ 2ರ ಆಸುಪಾಸು. ಅರ್ಧದಷ್ಟು ಮಂದಿ 62 ದಾಟಿದವರು. ಒಳಗೆ ಬರಲು ಒಳಗಿರುವವರ ಶಿಫಾರಸು ಬೇಕು, ಇಲ್ಲವೇ ಒಮ್ಮೆಯಾದರೂ ನಾಮಕರಣ ಆಗಿರಬೇಕು. 2016ರಲ್ಲಿ ನಿಯಮ ಬದಲಾಗುವವರೆಗೆ, ಒಳಗೆ ಬಂದರೆ ಸಾಯುವ ತನಕ ಮತದ ಹಕ್ಕು ಇತ್ತು. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಇದನ್ನು ಅಗ್ರಹಾರ ಅಂತೀವಿ.

ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಬೇಕು. ಪಟ್ಟಿಗೆ ಕಪ್ಪು ಜನ ಬಂದೇ ಇರಲಿಲ್ಲ ಎಂದಲ್ಲ. 1940ರ ಫೆಬ್ರುವರಿಯಲ್ಲಿ ಹ್ಯಾಟಿ ಮೆಕ್‌ಡೇನಿಯಲ್ 'ಗಾನ್ ವಿತ್ ದಿ ವಿಂಡ್' ಚಿತ್ರದ ಪೋಷಕ ನಟಿಯಾಗಿ ಆಸ್ಕರ್ ಪಡೆದರು, ಅದನ್ನು ಪಡೆದ ಮೊದಲ ಕಪ್ಪು ವ್ಯಕ್ತಿ ಅವರೇ. ಸಮಾರಂಭ ನಡೆದ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ನಿರ್ಮಾಪಕರು ಕೇಳಿಕೊಂಡ ಮೇಲೆ ಅವರನ್ನು ಒಳಗೆ ಬಿಟ್ಟು, ತಮ್ಮ ಚಿತ್ರತಂಡದ ಜೊತೆ ಕೂರಿಸದೆ ಗೋಡೆಯ ಪಕ್ಕ ಬೇರೆ ಮೇಜು ಹಾಕಿದರು. ಹೋಟೆಲಿನಲ್ಲಿ ಬೇರೆ ಲೋಟ ಇಡುವ ನಾಡಿನವರಾದ ನಮಗೆ ಆ ಮೇಜು ತೀರಾ ಪರಿಚಿತ. ಅವರಿಗೆ ಪ್ರಶಸ್ತಿ ತಂದ ಪಾತ್ರ ಬಿಳಿಯರ ಮನೆಯ ಆಳಿನದು. ಎಪ್ಪತ್ತೆರಡು ವರ್ಷಗಳ ನಂತರ 2012ರಲ್ಲಿ ಆಕ್ಟೇವಿಯಾ ಸ್ಪೆನ್ಸರ್‌ಗೆ ಪ್ರಶಸ್ತಿ ತಂದ ಪಾತ್ರವೂ ಬಿಳಿಯರ ಮನೆಗೆಲಸದವಳದೇ. 2014ರಲ್ಲಿ ಲುಪಿಟಾ ನ್ಯೊಂಗೊಗೆ ಪ್ರಶಸ್ತಿ ಬಂದದ್ದು ಗುಲಾಮ ಹೆಣ್ಣಿನ ಪಾತ್ರಕ್ಕೆ. ಇವರ ನಟನೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ನೋಡಿದ ಕಣ್ಣುಗಳ ಬಗ್ಗೆ. ಬೆನ್ನ ಮೇಲೆ ಬಾಸುಂಡೆ ಇದ್ದಾಗ ಥಟ್ಟನೆ ಕಾಣುವ ಪ್ರತಿಭೆ, ಅದೇ ಜನ ನೆಟ್ಟಗೆ ನಿಂತು ಸಂಘಟನೆ ಕಟ್ಟುವಾಗ ಯಾಕೆ ಮಂಜಾಗುತ್ತದೆ? ಬಿದ್ದವರನ್ನು ಕಂಡು ಕರಗುವ ಕಣ್ಣು ಎದ್ದವರನ್ನು ಕಂಡು ಪಕ್ಕಕ್ಕೆ ಹೊರಳುತ್ತದೆ. ಇದು ಕಣ್ಣಿನ ದೋಷವಲ್ಲ, ಅದಕ್ಕೆ ಕೊಟ್ಟ ತರಬೇತಿ.

3

'ಹಾಗಿದ್ದರೆ ನಮ್ಮವರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿದರೆ ಸರಿಹೋಗುತ್ತದೆ' ಎಂಬ ವಾದವಿದೆ. ನಮ್ಮ ಅಕಾಡೆಮಿಗಳಲ್ಲಿ, ಪ್ರಾಧಿಕಾರಗಳಲ್ಲಿ ಪ್ರತಿ ಸಲ ಇದೇ ವಾದ, ಇದೇ ಪರಿಹಾರ. ಇದರ ಮಿತಿ ಏನೆಂದು ಅಮೆರಿಕದ ಕತೆಯೇ ಹೇಳುತ್ತದೆ. 2015, 2016ರ ಆ ಎರಡು ಪಟ್ಟಿಗಳು ಹೊರಬಂದಾಗ ಅಕಾಡೆಮಿಯ ಅಧ್ಯಕ್ಷೆಯಾಗಿದ್ದವರು ಶೆರಿಲ್ ಬೂನ್ ಐಸಾಕ್ಸ್, ಕಪ್ಪು ಮಹಿಳೆ. 2016ರ ಸಮಾರಂಭವನ್ನು ನಡೆಸಿಕೊಟ್ಟವರು ಕ್ರಿಸ್ ರಾಕ್, ಕಪ್ಪು ನಟ. ಪಟ್ಟಿ ಮಾತ್ರ ಬಿಳಿ.

ಅಧ್ಯಕ್ಷೆ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಸ್ಪೈಕ್ ಲೀ ಅವರು, ಜೇಡಾ ಪಿಂಕೆಟ್ ಸ್ಮಿತ್ ಅವರು ಸಮಾರಂಭಕ್ಕೆ ಬರುವುದಿಲ್ಲ ಎಂದ ಕೆಲವೇ ದಿನಗಳಲ್ಲಿ, ಜನವರಿ ಮುಗಿಯುವ ಮೊದಲೇ ಆಡಳಿತ ಮಂಡಳಿ ನಿಯಮಗಳನ್ನು ಬದಲಾಯಿಸಿತು. 2020ರ ಹೊತ್ತಿಗೆ ಹೆಂಗಸರ ಮತ್ತು ಬಿಳಿಯರಲ್ಲದವರ ಸಂಖ್ಯೆಯನ್ನು ಎರಡು ಪಟ್ಟು ಮಾಡುವುದಾಗಿ ಹೇಳಿತು. ಆ ವರ್ಷದ ಜೂನ್‌ನಲ್ಲಿ 683 ಹೊಸಬರನ್ನು ಸದಸ್ಯರಾಗಲು ಕರೆದರು. ಅವರಲ್ಲಿ ಶೇಕಡಾ 46 ಹೆಂಗಸರು, ಶೇಕಡಾ 41 ಬಿಳಿಯರಲ್ಲದವರು. 2017ರಲ್ಲಿ 'ಮೂನ್‌ಲೈಟ್' ಅತ್ಯುತ್ತಮ ಚಿತ್ರವಾಯಿತು. ಚಳವಳಿಯ ಒತ್ತಡ ಫಲ ಕೊಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ 2020ರ ಪಟ್ಟಿಯಲ್ಲಿ ನಟನೆಯ 20 ಹೆಸರುಗಳಲ್ಲಿ ಕಪ್ಪು ಕಲಾವಿದೆ ಒಬ್ಬರೇ, ಸಿಂಥಿಯಾ ಎರಿವೊ. ಪಾತ್ರ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಇತರರನ್ನೂ ಬಿಡಿಸಿದ ಹ್ಯಾರಿಯೆಟ್ ಟಬ್ಮನ್.

ನಮ್ಮ ಕಡೆ ಒಕ್ಕಣೆಯ ಕಣದಲ್ಲಿ ಕಾಳು ಅಳೆಯುವುದಕ್ಕೆ ಒಡೆಯನ ಮನೆಯಿಂದಲೇ ಕೊಳಗ ಬರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಕೊಳಗ ಹಿಡಿಯುವ ಆಳು ನಮ್ಮವನೇ ಆಗಿರಬಹುದು. ಅಳತೆ ಒಡೆಯನದೇ. ಆಳನ್ನು ಬದಲಾಯಿಸಿದರೆ ಕಾಳು ಹೆಚ್ಚಾಗುವುದಿಲ್ಲ, ಕೊಳಗ ಬದಲಾಗಬೇಕು. ಸ್ಪೈಕ್ ಲೀ ಆಗ ಹೇಳಿದ ಮಾತಿನ ಅರ್ಥವೂ ಇದರ ಹತ್ತಿರದ್ದೇ: ನಿಜವಾದ ಜಗಳ ಆಸ್ಕರ್ ವೇದಿಕೆಯಲ್ಲಿಲ್ಲ, ಯಾವ ಚಿತ್ರ ತೆಗೆಯಬೇಕು ಎಂದು ದುಡ್ಡು ಬಿಡುಗಡೆ ಮಾಡುವ ಸ್ಟುಡಿಯೋ ಕಚೇರಿಗಳಲ್ಲಿದೆ. ಪಟ್ಟಿ ಎನ್ನುವುದು ಕೊನೆಯ ಬಾಗಿಲು. ಅದಕ್ಕೆ ಮುಂಚೆ ಹತ್ತು ಬಾಗಿಲುಗಳಿವೆ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಮಾತನ್ನು ತರಬೇಕು. ಎಂ.ಎ. ತರಗತಿಯಲ್ಲಿ ತೀ.ನಂ.ಶ್ರೀ. ಅವರ 'ಭಾರತೀಯ ಕಾವ್ಯಮೀಮಾಂಸೆ' ಓದಿ ಪರೀಕ್ಷೆ ಬರೆದವರೆಲ್ಲರಿಗೂ 'ಸಹೃದಯ' ಗೊತ್ತು. ಕಾವ್ಯವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿ ಮನಸ್ಸೆಂಬ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು ಸಹೃದಯ, ರಸಾನುಭವಕ್ಕೆ ಅವನೇ ಅಧಿಕಾರಿ. ಕೇಳುವುದಕ್ಕೆ ಬಹಳ ಚೆಂದ. ಆದರೆ ಆ ಅಭ್ಯಾಸಕ್ಕೆ ಬೇಕಾದ ಅಕ್ಷರ ಯಾರಿಗಿತ್ತು, ಬಿಡುವು ಯಾರಿಗಿತ್ತು ಎಂಬ ಪ್ರಶ್ನೆ ಆ ಪಾಠದಲ್ಲಿ ಬರುವುದಿಲ್ಲ. ಅಕ್ಷರ ಕಿವಿಗೆ ಬಿದ್ದರೆ ಸೀಸ ಹುಯ್ಯಬೇಕೆಂದ ಸಮಾಜದಲ್ಲಿ ಮನಸ್ಸಿನ ಕನ್ನಡಿ ಒರೆಸುವ ಬಟ್ಟೆಯೂ ಒಂದು ಜಾತಿಯ ಸ್ವತ್ತು. ಇವತ್ತಿನ ಜ್ಯೂರಿ ಆ ಸಹೃದಯನ ಮೊಮ್ಮಗ. ಸೂಟು ಹಾಕಿಕೊಂಡಿದ್ದಾನೆ, ಇಂಗ್ಲಿಷ್ ಮಾತಾಡುತ್ತಾನೆ, ತನ್ನ ರುಚಿಯನ್ನು ಲೋಕದ ರುಚಿ ಎಂದು ನಂಬಿದ್ದಾನೆ. ಇದು ಅವನ ಕೆಟ್ಟತನವಲ್ಲ. ಯಾರೂ ಅವನಿಗೆ ಎದುರು ಹೇಳಿಲ್ಲ, ಅಷ್ಟೆ.

4

ಪಟ್ಟಿಯಿಂದ ಬಿಟ್ಟುಹೋಗುವುದು ಒಂದು ಬಗೆಯ ಅನ್ಯಾಯ. ಪಟ್ಟಿಯಲ್ಲಿ ಸೇರಿಯೂ ನಮ್ಮ ಮಾತು ನಮ್ಮದಾಗದೆ ಹೋಗುವುದು ಇನ್ನೊಂದು ಬಗೆಯದು. ಮೊದಲನೆಯದರ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ಎರಡನೆಯದು ಹೆಚ್ಚು ಸೂಕ್ಷ್ಮ, ದಲಿತ ವಿಮರ್ಶೆಗೆ ಹೆಚ್ಚು ಹತ್ತಿರ.

2022ರ ಫೆಬ್ರುವರಿಯಲ್ಲಿ 'ರೈಟಿಂಗ್ ವಿತ್ ಫೈರ್' ಎಂಬ ಸಾಕ್ಷ್ಯಚಿತ್ರ ಆಸ್ಕರ್‌ಗೆ ನಾಮಕರಣಗೊಂಡಿತು. ಪೂರ್ಣಪ್ರಮಾಣದ ಭಾರತೀಯ ಸಾಕ್ಷ್ಯಚಿತ್ರಕ್ಕೆ ಆ ಗೌರವ ಅದೇ ಮೊದಲು. ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ಇದರ ನಿರ್ದೇಶಕರು. 2021ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಇದು ಎರಡು ಪ್ರಶಸ್ತಿ ಪಡೆದಿತ್ತು. ಕತೆ ಉತ್ತರ ಪ್ರದೇಶದ 'ಖಬರ್ ಲಹರಿಯಾ' ಪತ್ರಿಕೆಯದು. 2002ರಲ್ಲಿ ಚಿತ್ರಕೂಟದಲ್ಲಿ ಶುರುವಾದ, ಹಳ್ಳಿಯ ಹೆಣ್ಣುಮಕ್ಕಳೇ ವರದಿ ಮಾಡಿ ನಡೆಸುವ ಪತ್ರಿಕೆ ಅದು. ಕಾಗದದಿಂದ ಮೊಬೈಲ್ ಫೋನಿಗೆ ಅವರು ದಾಟಿದ ಹಾದಿಯನ್ನು ಚಿತ್ರ ಹಿಡಿಯುತ್ತದೆ. ಠಾಣೆಯಲ್ಲಿ ಪೊಲೀಸರನ್ನು, ಗಣಿಯಲ್ಲಿ ಮಾಫಿಯಾವನ್ನು ಎದುರು ಹಾಕಿಕೊಂಡು ಪ್ರಶ್ನೆ ಕೇಳುವ ಮೀರಾ, ಸುನೀತಾ, ಶ್ಯಾಮಕಲಿ ಅವರನ್ನು ನೋಡುತ್ತಿದ್ದರೆ ಎದೆ ಉಬ್ಬುತ್ತದೆ. ಜಗತ್ತು ಇದನ್ನು 'ದಲಿತ ಹೆಣ್ಣುಮಕ್ಕಳ ಪತ್ರಿಕೆಯ ಚಿತ್ರ' ಎಂದು ಕರೆದು ಚಪ್ಪಾಳೆ ತಟ್ಟಿತು.

ಸಮಾರಂಭಕ್ಕೆ ಕೆಲವೇ ದಿನ ಇರುವಾಗ, ಮಾರ್ಚ್‌ನಲ್ಲಿ, ಖಬರ್ ಲಹರಿಯಾದವರೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಶಕ್ತಿಯುತವಾಗಿದೆ ಎಂದು ಒಪ್ಪಿಕೊಂಡೇ ಅವರು ಹೇಳಿದ್ದಿಷ್ಟು: ನಮ್ಮ ಸಂಸ್ಥೆ ಒಂದೇ ರಾಜಕೀಯ ಪಕ್ಷದ ಸುತ್ತ ವರದಿ ಮಾಡುತ್ತದೆ ಎಂಬಂತೆ ಚಿತ್ರ ತೋರಿಸುತ್ತದೆ, ಅದು ನಿಜವಲ್ಲ, ಇದು ನಮ್ಮ ಕತೆಯ ಒಂದು ಭಾಗ ಮಾತ್ರ, ಭಾಗವನ್ನೇ ಇಡಿಯೆಂದರೆ ಇಡಿಯ ಆಕಾರ ಕೆಡುತ್ತದೆ. ಇದು ನಾವು ಕಂಡಂತೆ ಹೇಳಿದ ಕತೆ ಎಂಬ ಅರ್ಥದಲ್ಲಿ ನಿರ್ದೇಶಕರು ಉತ್ತರ ಕೊಟ್ಟರು.

ಆಗ ನಾನು ಹಾಸ್ಟೆಲ್ಲಿನಲ್ಲಿದ್ದೆ. ಗೆಳೆಯರಲ್ಲೇ ಕೆಲವರು, "ಆಸ್ಕರ್ ಬಾಗಿಲಿಗೆ ಬಂದಿರುವಾಗ ಈ ತಕರಾರು ಯಾಕೆ ತೆಗೀಬೇಕಿತ್ತು? ಲೋಕಕ್ಕೆಲ್ಲ ಗೊತ್ತುಮಾಡಿದ್ದಾರೆ, ಉಪಕಾರ ಬೇಡವಾ?" ಅಂದರು. ಈ 'ಉಪಕಾರ' ಎಂಬ ಮಾತನ್ನು ಸ್ವಲ್ಪ ಹಿಡಿದು ನಿಲ್ಲಿಸಬೇಕು. ನಿರ್ದೇಶಕರಿಗೆ ತಮ್ಮ ನೋಟದ ಹಕ್ಕಿದೆ. ಯಾರ ಬಗ್ಗೆ ಚಿತ್ರ ತೆಗೆಯುತ್ತಾರೋ ಅವರ ಅಪ್ಪಣೆ ಪಡೆದೇ ತೆಗೆಯಬೇಕೆಂದರೆ ಯಾವ ಕಲೆಯೂ ಉಳಿಯುವುದಿಲ್ಲ, ಅಧಿಕಾರಸ್ಥರ ಮೇಲೆ ಚಿತ್ರ ತೆಗೆಯುವುದಂತೂ ಸಾಧ್ಯವೇ ಇಲ್ಲ. ಆದರೆ ಚಿತ್ರತಂಡ ಕ್ಯಾಮೆರಾ ಮಡಚಿಕೊಂಡು ಊರು ಬಿಡುತ್ತದೆ. ವರದಿಗಾರ್ತಿ ಮಾರನೆಯ ದಿನ ಅದೇ ಠಾಣೆಗೆ, ಅದೇ ಪುಢಾರಿಯ ಮನೆಗೆ ಪ್ರಶ್ನೆ ಹಿಡಿದು ಹೋಗಬೇಕು. ಒಂದು ಪಕ್ಷದ ವಿರೋಧಿ ಎಂಬ ಹಣೆಪಟ್ಟಿಯ ಬೆಲೆ ತೆರುವವಳು ಅವಳು. ನೋಟದ ಹಕ್ಕು ಅವರಿಗಿದ್ದರೆ, ಆ ನೋಟಕ್ಕೆ ಬೆಲೆ ಕಟ್ಟುವ ಹಕ್ಕು ಇವರಿಗೂ ಇರಬೇಕು.

ಇನ್ನೊಂದು ವಿಚಿತ್ರ ಗಮನಿಸಿ. ಈ ಹೆಣ್ಣುಮಕ್ಕಳ ಕಸುಬೇ ಬರೆಯುವುದು, ವಿಚಾರಿಸುವುದು, ತಪ್ಪು ಕಂಡರೆ ತಪ್ಪೆನ್ನುವುದು. ಚಿತ್ರದಲ್ಲಿ ಅವರು ಪೊಲೀಸನನ್ನು ಪ್ರಶ್ನಿಸಿದಾಗ ಚಪ್ಪಾಳೆ ಬಿತ್ತು. ಅದೇ ಹೆಣ್ಣುಮಕ್ಕಳು ಚಿತ್ರವನ್ನೇ ಪ್ರಶ್ನಿಸಿದಾಗ ಕೃತಜ್ಞತೆಯ ಪಾಠ ಶುರುವಾಯಿತು. ನಮ್ಮವರ ಧೈರ್ಯ ಪರದೆಯ ಮೇಲಿದ್ದಾಗ ಕಲೆ, ಪರದೆಯಿಂದ ಕೆಳಗಿಳಿದರೆ ತಲೆಹರಟೆ.

5

ಕನ್ನಡದವರಿಗೆ ಇದು ಹಳೆಯ ಕತೆ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಅದು ಒಂದು ಸಾಹಿತ್ಯ ವಿಮರ್ಶೆಯ ಮಾತು. ಒಪ್ಪಬಹುದಿತ್ತು, ಒಪ್ಪದಿರಬಹುದಿತ್ತು, ಉದಾಹರಣೆ ಕೊಟ್ಟು ಖಂಡಿಸಬಹುದಿತ್ತು. ಆದರೆ ನಡೆದದ್ದೇನು? ರಾಜ್ಯದಾದ್ಯಂತ ಗಲಭೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಕೊನೆಗೆ ಮಂತ್ರಿ ಪದವಿಗೆ ಬಸವಲಿಂಗಪ್ಪನವರ ರಾಜೀನಾಮೆ. ಕನ್ನಡ ಸಾಹಿತ್ಯವನ್ನು ಅದಕ್ಕೂ ಮೊದಲು ಬೈದವರಿರಲಿಲ್ಲವೆ? ನವ್ಯರು ನವೋದಯವನ್ನು ಬೈದದ್ದಕ್ಕೆ ಲೆಕ್ಕವಿದೆಯೆ? ಅದೆಲ್ಲ ವಿಮರ್ಶೆ ಎನಿಸಿಕೊಂಡಿತು. ಅಸ್ಪೃಶ್ಯನೊಬ್ಬ ತೀರ್ಪು ಕೊಟ್ಟಾಗ ಅದು ದ್ರೋಹವಾಯಿತು. ತೀರ್ಪಿನಲ್ಲಿ ಏನಿತ್ತು ಎಂಬುದನ್ನು ಯಾರೂ ಕೇಳಲಿಲ್ಲ. ಕೊಟ್ಟವನು ಯಾರು ಎಂಬುದೇ ಎಲ್ಲರ ಕಣ್ಣು ಚುಚ್ಚಿತು. ಮುಂದೆ ದಲಿತ ಸಂಘರ್ಷ ಸಮಿತಿ ಮೈತಾಳಿದ್ದು ಈ ಗಾಯದಿಂದಲೇ. ಹಾಗಾಗಿ ಕರ್ನಾಟಕದ ದಲಿತ ಚಳವಳಿ ಒಂದು ವಿಮರ್ಶೆಯ ವಾಕ್ಯದಿಂದ ಹುಟ್ಟಿತು ಎಂದರೆ ಉತ್ಪ್ರೇಕ್ಷೆಯಾಗದು.

ಇದಾದ ಎರಡೇ ವರ್ಷಕ್ಕೆ, 1975ರಲ್ಲಿ, 'ಚೋಮನ ದುಡಿ' ಚಲನಚಿತ್ರವಾಗಿ ಬಂತು. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಅದಕ್ಕೆ, ಅತ್ಯುತ್ತಮ ನಟ ಪ್ರಶಸ್ತಿ ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ. ಎತ್ತಿದ್ದರೂ ನೆಲವಿಲ್ಲದ, ಬೇಸಾಯ ಮಾಡುವ ಆಸೆಯೇ ಅಪರಾಧವಾದ ಹೊಲೆಯನ ಕತೆಗೆ ದೇಶದ ಅತಿ ದೊಡ್ಡ ಗೌರವ. ಚಿತ್ರದ ಬಗ್ಗೆ ನನಗೆ ಗೌರವವಿದೆ, ವಾಸುದೇವರಾಯರ ಮುಖ ಮರೆಯುವಂಥದ್ದಲ್ಲ. ಆದರೆ ಬಸವಲಿಂಗಪ್ಪ ಮತ್ತು ಚೋಮ, ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ದುಡಿ ಬಾರಿಸುತ್ತಾ ಸಾಯುವ ಹೊಲೆಯನಿಗೆ ಬಂಗಾರದ ತಾವರೆ, ಬದುಕಿದ್ದು ಮಾತಾಡಿದವನಿಗೆ ರಾಜೀನಾಮೆ.

ಈ ಚಿತ್ರವನ್ನು ನಮ್ಮವ್ವನ ಜೊತೆ ಮೊಬೈಲಿನಲ್ಲಿ ನೋಡಿದೆ. ಮುಗಿದ ಮೇಲೆ ಇದಕ್ಕೆ ಸ್ವರ್ಣ ಕಮಲ ಬಂದ ವಿಷಯ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಅವ ಕೇಳ್ದುದ್ದು ಒಂದ್ ತುಂಡು ಹೊಲ ಕಣಪ್ಪ. ಕೇಳ್ದೋನ್ಗೆ ಹೊಲ ಸಿಕ್ನಿಲ್ಲ. ಈ ಕಮ್ಲ ಯಾರ್ಗೆ ಸಿಕ್ತು?" ಅಂದಳು. ನಾನು ಓದಿದ ಯಾವ ವಿಮರ್ಶೆಯೂ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿಲ್ಲ. ಕಾರಂತರನ್ನು ಸಣ್ಣವರನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಅವ್ವನಿಗೂ ಅವರ ಮೇಲೆ ಸಿಟ್ಟಿರಲಿಲ್ಲ. ಯಾವ ಜ್ಯೂರಿಯ ಕೋಣೆಯಲ್ಲೂ ಇಂಥ ಪ್ರಶ್ನೆ ಕೇಳಬಲ್ಲ ಹೆಂಗಸಿಗೆ ಕುರ್ಚಿ ಇರುವುದಿಲ್ಲ ಎಂಬುದಷ್ಟೇ ನನ್ನ ಮಾತು. ಅವಳಿಗೆ ಸಿನಿಮಾ ಭಾಷೆ ಗೊತ್ತಿಲ್ಲ ಅಂತಾರೆ. ಜ್ಯೂರಿಗೆ ಹೊಲದ ಭಾಷೆ ಗೊತ್ತಿದೆಯಾ ಅಂತ ಯಾರೂ ಕೇಳಲ್ಲ.

6

ಈಗ ನಮ್ಮ ದೇಶದ ಇವತ್ತಿನ ಪಟ್ಟಿಗೆ ಬರೋಣ. ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಭಾರತದಿಂದ ವರ್ಷಕ್ಕೊಂದು ಚಿತ್ರ ಹೋಗುತ್ತದೆ. ಆರಿಸುವುದು ಚಿತ್ರೋದ್ಯಮದವರ ಸಂಸ್ಥೆಯಾದ ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ನೇಮಿಸುವ ಸಮಿತಿ. 2024ರಲ್ಲಿ 29 ಚಿತ್ರಗಳಿಂದ 'ಲಾಪತಾ ಲೇಡೀಸ್' ಆರಿಸಿದ ಸಮಿತಿಯಲ್ಲಿ 13 ಜನ, ಹದಿಮೂರೂ ಗಂಡಸರು. ಭಾರತದ ಹೆಣ್ಣು ಹೇಗೆ ಎಂದು ಅವರು ಬರೆದ ಷರಾ ನಗೆಪಾಟಲಾಯಿತು. ಅದೇ ವರ್ಷ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಗೆದ್ದಿದ್ದ ಪಾಯಲ್ ಕಪಾಡಿಯಾ ಅವರ ಚಿತ್ರವನ್ನು ಬಿಟ್ಟದ್ದಕ್ಕೆ ದೊಡ್ಡ ಗದ್ದಲವಾಯಿತು. ಹೆಂಗಸರಿಲ್ಲ ಎಂದು ಎಲ್ಲರೂ ಎಣಿಸಿದರು, ಎಣಿಸಬೇಕಾದ್ದೇ. ಜಾತಿ ಎಣಿಸುವ ಹೊತ್ತು ಬಂದಾಗ ಮಾತ್ರ 'ಕಲೆಗೆ ಜಾತಿ ಎಲ್ಲಿದೆ' ಎಂಬ ಹಾಡು ಕೇಳಿಬರುತ್ತದೆ. ಅಮೆರಿಕದಲ್ಲಿ ಎಣಿಸಿದ್ದರಿಂದಲೇ ಜಗಳ ಸಾಧ್ಯವಾಯಿತು. ಎಣಿಸದ ಕಡೆ ಅನ್ಯಾಯಕ್ಕೆ ಮುಖವಿಲ್ಲ.

ಅಮೆರಿಕದ ಎಣಿಕೆಯೂ ನಮ್ಮನ್ನು ಮುಟ್ಟುವುದಿಲ್ಲ. 2020ರಲ್ಲಿ ಅಕಾಡೆಮಿ ಪ್ರಕಟಿಸಿದ, 2024ರಿಂದ ಅತ್ಯುತ್ತಮ ಚಿತ್ರದ ವಿಭಾಗಕ್ಕೆ ಅನ್ವಯವಾದ ಒಳಗೊಳ್ಳುವಿಕೆಯ ನಿಯಮಗಳಲ್ಲಿ ಜನಾಂಗವಿದೆ, ಲಿಂಗವಿದೆ, ಅಂಗವೈಕಲ್ಯವಿದೆ. ಜಾತಿ ಎಂಬ ಮಾತಿಲ್ಲ. ಆ ಲೆಕ್ಕದಲ್ಲಿ ಇಲ್ಲಿಂದ ಹೋದ ಮೇಲ್ಜಾತಿಯ ಶ್ರೀಮಂತನೂ 'ಏಷ್ಯನ್' ಎಂಬ ತಲೆಬರಹದಡಿ ಅವಕಾಶವಂಚಿತನೇ. ವಿಮಾನ ಹತ್ತಿದ ಕೂಡಲೇ ಅಗ್ರಹಾರ ಕೇರಿಯಾಗಿಬಿಡುವ ಮಾಯೆ ಇದು!

2025ರ ಸೆಪ್ಟೆಂಬರ್‌ನಲ್ಲಿ ಭಾರತದ ಪರವಾಗಿ ಆಯ್ಕೆಯಾದದ್ದು ನೀರಜ್ ಘೇವಾನ್ ಅವರ 'ಹೋಮ್‌ಬೌಂಡ್'. ಘೇವಾನ್ ತಾನು ದಲಿತ ಎಂದು ಬಹಿರಂಗವಾಗಿ ಹೇಳಿಕೊಂಡ ನಿರ್ದೇಶಕ. ಒಬ್ಬ ದಲಿತ, ಒಬ್ಬ ಮುಸ್ಲಿಂ, ಪೊಲೀಸ್ ಕೆಲಸದ ಕನಸು ಕಾಣುವ ಇಬ್ಬರು ಗೆಳೆಯರ ಕತೆ. ಜಾತಿ ಗೊತ್ತಾಗುವ ಹೆಸರನ್ನು ಹೇಳಲು ಆ ದಲಿತ ಹುಡುಗ ಹಿಂಜರಿಯುತ್ತಾನೆ. ನಾಮಕರಣದ ಗಾಯ ಅಲ್ಲೂ ಇದೆ. ಡಿಸೆಂಬರ್‌ನಲ್ಲಿ ಚಿತ್ರ ಆಸ್ಕರ್‌ನ 15 ಚಿತ್ರಗಳ ಕಿರುಪಟ್ಟಿಯವರೆಗೆ ಹೋಯಿತು. ನನಗೆ ಸಂತೋಷವಾಯಿತು. ಆದರೆ ಈ ಚಿತ್ರದ ಬೆನ್ನಿಗೆ ಕರಣ್ ಜೋಹರ್, ಮಾರ್ಟಿನ್ ಸ್ಕಾರ್ಸೆಸಿ ಎಂಬ ಹೆಸರುಗಳಿದ್ದವು ಎಂಬುದನ್ನೂ, ಇಲ್ಲಿ ಬಿಡುಗಡೆಯಾಗುವ ಮುನ್ನ ಸೆನ್ಸಾರ್ ಮಂಡಳಿ ಕತ್ತರಿ ಆಡಿಸಿತು ಎಂಬುದನ್ನೂ ಮರೆಯಬಾರದು. ಅದಕ್ಕೂ ಹಿಂದಿನ ವರ್ಷ ಸಂಧ್ಯಾ ಸೂರಿ ಅವರ 'ಸಂತೋಷ್' ಬ್ರಿಟನ್ನಿನ ಪರವಾಗಿ ಇದೇ ಕಿರುಪಟ್ಟಿಗೆ ಬಂದಿತ್ತು. ದಲಿತ ಹುಡುಗಿಯೊಬ್ಬಳ ಅತ್ಯಾಚಾರ, ಕೊಲೆ ಮತ್ತು ಪೊಲೀಸರ ಕುರಿತ ಹಿಂದಿ ಚಿತ್ರ ಅದು. 2025ರಲ್ಲಿ ನಮ್ಮ ಸೆನ್ಸಾರ್ ಅದರ ಬಿಡುಗಡೆಗೆ ಅಡ್ಡ ನಿಂತಿತು. ಸತ್ತವಳು ನಮ್ಮವಳು, ಹೆಸರಿಸಿದ ದೇಶ ಇಂಗ್ಲೆಂಡು, ನೋಡುವುದಕ್ಕೆ ಟಿಕೀಟು ಮಾತ್ರ ನಮಗಿಲ್ಲ.

ಹಾಗಾದರೆ ಏನು ಮಾಡಬೇಕು? ಪಟ್ಟಿಯಲ್ಲಿ ನಮ್ಮದೂ ಒಂದು ಹೆಸರಿರಲಿ ಎಂದು ಕೇಳುವುದು ತಪ್ಪಲ್ಲ, ಅದು ಸಾಲದು. ರಾಷ್ಟ್ರಪ್ರಶಸ್ತಿಯೋ ರಾಜ್ಯಪ್ರಶಸ್ತಿಯೋ, ಸಾರ್ವಜನಿಕ ಹಣದಿಂದ ನಡೆಯುವ ಯಾವುದೇ ಆಯ್ಕೆಯಲ್ಲಿ ತೀರ್ಪುಗಾರರನ್ನು ಹೇಗೆ ಆರಿಸಿದರು, ಯಾವ ಚಿತ್ರವನ್ನು ಯಾವ ಕಾರಣಕ್ಕೆ ಬಿಟ್ಟರು ಎಂದು ಬರೆದು ಪ್ರಕಟಿಸಲಿ ಎಂದು ನಾವು ಕೇಳಬೇಕು. ಕಾರಣ ಬರೆಯುವಾಗ ಕೊಳಗ ಬಯಲಾಗುತ್ತದೆ. ಎರಡನೆಯದು, ನಮ್ಮ ವಿದ್ಯಾರ್ಥಿಗಳು ಹಾಸ್ಟೆಲ್ಲುಗಳಲ್ಲಿ, ಕೇರಿಗಳಲ್ಲಿ ಚಿತ್ರ ತೋರಿಸಿ ಅಲ್ಲಿ ಬಂದ ಮಾತನ್ನು ಬರೆದಿಡಬೇಕು. ನಮ್ಮವ್ವನಂಥವರ ಪ್ರಶ್ನೆಗಳು ಅಡುಗೆಮನೆಯಲ್ಲಿ ಹುಟ್ಟಿ ಅಲ್ಲೇ ಸತ್ತರೆ ದಲಿತ ವಿಮರ್ಶೆ ಪುಸ್ತಕದಿಂದ ಪುಸ್ತಕಕ್ಕೆ ಹಾರುವ ಜೀರುಂಡೆಯಾಗುತ್ತದೆ. ಮೂರನೆಯದು ಕಷ್ಟದ್ದು. ತೀರ್ಪಿನ ಹಕ್ಕು ಕೇಳುವವರು ತಮ್ಮವರ ಮೇಲೂ ಅದನ್ನು ಬಳಸಬೇಕು. ದಲಿತ ನಿರ್ದೇಶಕನ ಚಿತ್ರ ಎಂಬ ಕಾರಣಕ್ಕೆ ಜಳ್ಳನ್ನು ಕಾಳೆಂದು ಅಳೆದರೆ ನಮ್ಮ ಕೊಳಗವೂ ಒಡೆಯನ ಕೊಳಗವೇ. ದಲಿತ ಚಿತ್ರದಲ್ಲಿ ದಲಿತ ಹೆಣ್ಣು ಬರೀ ಹೆಣವಾಗಿ ಬಂದು ಹೋದರೆ ಅದನ್ನು ಮೊದಲು ಹೇಳಬೇಕಾದವರು ನಾವು.

ನಾಗರಾಜ ಮಂಜುಳೆಯವರ 'ಫಂಡ್ರಿ' 2013ರದು, ಹೊಸ ನಿರ್ದೇಶಕನ ಮೊದಲ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಪಡೆದದ್ದು. ಅದರ ಕೊನೆಯಲ್ಲಿ ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ ತನ್ನನ್ನು ಅಣಕಿಸುವವನ ಕಡೆ ಬೀಸಿದ ಕಲ್ಲು ನೇರ ಕ್ಯಾಮೆರಾಕ್ಕೆ, ಎಂದರೆ ನೋಡುವ ನಮ್ಮ ಮುಖಕ್ಕೆ ಬರುತ್ತದೆ. ಎಲ್ಲರಿಂದ ನೋಡಿಸಿಕೊಂಡು ಸಾಕಾದ ಹುಡುಗ ನೋಡುತ್ತಿದ್ದವರ ಬಗ್ಗೆ ಬರೆದ ಮೊದಲ ವಿಮರ್ಶೆ ಆ ಕಲ್ಲು. ಆ ಚಿತ್ರಕ್ಕೆ ಪ್ರಶಸ್ತಿ ಕೊಟ್ಟವರು ಕಲ್ಲು ತಮ್ಮ ಕಡೆಗೂ ಬಂತು ಅಂದುಕೊಂಡರೋ, ಪಕ್ಕದವನಿಗೆ ಬಿತ್ತು ಅಂದುಕೊಂಡರೋ? ಬಹುಮಾನ ಕೊಟ್ಟು ಕಲ್ಲನ್ನು ಹೂವಾಗಿಸಿಕೊಳ್ಳುವ ಜಾಣತನ ಯಜಮಾನ ಸಂಸ್ಕೃತಿಗೆ ಹೊಸದಲ್ಲ. ಅದು ಕಲ್ಲೇ ಎಂದು ನೆನಪಿಸುತ್ತಾ ಇರುವುದು ನಮ್ಮ ಕೆಲಸ. ಒಪ್ಪದ ಗೆಳೆಯರು ಇದೇ ಪತ್ರಿಕೆಯಲ್ಲಿ ಬರೆಯಲಿ. ತೀರ್ಪಿಗೆ ಎದುರು ತೀರ್ಪು ಬರದಿದ್ದರೆ ಅದು ವಿಮರ್ಶೆಯೇ ಅಲ್ಲ.